ನಲವತ್ತು ಕಿಸೆ

ಸಾಲಿ ಸುರುವಾಗಾಕ ಇನ್ನ ಹದಿನೈದು ದಿನ.
ಯೆಮುಲ್ ಸೇಠನ ಹುಡುಗ ಗಂಟು ತಂದು
ಪಡಸಾಲ್ಯಾಗ ಒಗೆದು ಹೋದ:
ನಲವತ್ತು ಬಿಳೀ ಅಂಗಿ, ನಲವತ್ತು ಬಿಡಿ ಕಿಸೆ.
"ನಾಳೆ ಏಳಕ್ಕ ಬರತೀನಿ ಅಕ್ಕಾ.
ಕಲೆ ಬಿದ್ದರ ಅಂಗಿ ರೊಕ್ಕ ನಿಮ್ಮದು."

ಶಿವಲೀಲಿಗೆ ಎರಡು ವರ್ಷ, ಮ್ಯಾಲ ಎರಡು ತಿಂಗಳು.
ಆಕಿ ಕೈ ಯಾವಾಗಲೂ ಏನರ ಒಂದರಾಗ ಇರತದ:
ಬೆಲ್ಲದಾಗ, ಕಾಡಿಗ್ಯಾಗ, ಶೇಂಗಾ ಹಿಂಡ್ಯಾಗ,
ಹ್ವಾದ ವಾರ ಮಶೀನಿನ ಎಣ್ಣ್ಯಾಗ.
ಬಿಳೇದು ಕಂಡರ ಸಾಕು,
ಆ ಕೈಗೆ ಅದೇನು ಸಿಟ್ಟೋ, ಅದೇನು ಅಕ್ಕರತಿಯೋ.

ಅದಕ್ಕ ನಮ್ಮ ಮನ್ಯಾಗ ಒಂದು ಕಾಯ್ದೆ:
ಆಟ ಇರಬೇಕು, ಹೊಲಸು ಆಗಬಾರದು.
ಬಣ್ಣ ಇಲ್ಲ, ಹಿಟ್ಟು ಇಲ್ಲ.
ಗುಂಡಿ ಅಂತೂ ಇಲ್ಲೇ ಇಲ್ಲ,
ಗುಂಡಿ ಡಬ್ಬಿ ಕಪಾಟಿನ ನೆತ್ತಿ ಮ್ಯಾಲ;
ನುಂಗಿದರ ಯಾವ ಸೇಠ ಬರತಾನ?

ಬಟ್ಟಿ ಕ್ಲಿಪ್ಪು ಕೊಟ್ಟೆ. ಬಕೀಟಿನ ಅಂಚಿಗೆ
ಒಂದೊಂದ ಕಚ್ಚಿಸಿದಳು, ನಾಲಿಗಿ ಹೊರಗ ಚಾಚಿ.
ಅಷ್ಟರಾಗ ಎರಡು ಕಾಲರ್ ಮುಗಿದವು.
ಖಾಲಿ ದಾರದ ಕೋನು ಕೊಟ್ಟೆ. ಗೋಪುರ ಕಟ್ಟಿ, ಕೆಡವಿ,
ಮತ್ತ ಕಟ್ಟಿದಳು. ಒಂದು ತೋಳು. ಅರ್ಧ ತೋಳು.
ನನಗ ಹೊತ್ತು ತಿಳಿಯೋದು ಗಡಿಯಾರದಾಗಲ್ಲ.

ಬಾಜೂ ಮನಿ ವಿಮಲಾಬಾಯಿ ಇಣಿಕಿ ಹಾಕಿ,
"ಮೋಬಾಯಿಲ್ ಕೊಡ ಗ, ಗಪ್ ಕೂಡತದ" ಅಂದಳು.
ಒಮ್ಮೆ ಕೊಟ್ಟಿದ್ದೆ. ಖರೇನ ಗಪ್ ಕೂತಿತ್ತು.
ಕರೆದರೂ ಓ ಅನ್ನಲಿಲ್ಲ,
ಹೊಲಿಯೋದು ಬಿಟ್ಟು ಮೂಗಿನ ಕೆಳಗ ಬೆರಳಿಟ್ಟು
ಉಸಿರು ನೋಡಿದೆ.

ಮಧ್ಯಾಹ್ನಕ್ಕ ನೀರು. ಒಂದು ವಾಟಿ, ಅಷ್ಟ.
ಅವರಪ್ಪನ ಹಳೀ ದಾಡಿ ಬ್ರಶ್ಶು.
ಶಹಾಬಾದಿ ಫರಸಿ ಮ್ಯಾಲ ಆಕಿ ಬರದದ್ದು
ಒಂದು ಆನಿ ಅಂತ, ಒಂದು ಅಜ್ಜಿ ಅಂತ,
ಒಂದು ಪಾಣಿ ಅಂತ. ನೀರಿನ ಚಿತ್ರಕ್ಕ ನೀರಿಂದ ಹೆಸರು,
ಅದೂ ಮರಾಠಿಯೊಳಗ.
ಶೇಳಗಿ ಬಿಸಿಲು ಬಾಗಲಾಗ ಕೂತು ಕಾಯತಿತ್ತು,
ಆನಿ ಸೊಂಡಿಲು ಬರಿಯೋದ್ರಾಗ ಕಾಲು ಕುಡೀತು.
ಆಕಿ ಅಳಲಿಲ್ಲ. "ಹೋತು" ಅಂದು ಮತ್ತ ಅದ್ದಿದಳು.
ನಾ ಬರದದ್ದೆಲ್ಲಾ ಹಿಂಗ ಆರಿ ಹೋದರ
ನಾ ಮತ್ತ ಅದ್ದತಿದ್ದೆನೋ ಇಲ್ಲೋ.

ಆಮ್ಯಾಲ ತಿಕೀಟಿನ ಆಟ.
ಅವರಪ್ಪ ದಿನಾ ಅಕ್ಕಲಕೋಟಿಗೆ ಹೋಗಿ ಬರತಾನ,
ಅವನ ಕಿಸೆದಾಗ ಉಳಿದ ಎಸ್‌ಟಿ ತಿಕೀಟು ಹನ್ನೊಂದು.
ಬಿಸ್ಕೀಟ ಡಬ್ಬಿ ಮುಚ್ಚಳ ಕೊರದು ಸೀಳು ಮಾಡೀನಿ:
ಒಂದೊಂದ ಒಳಗ ಹಾಕೋದು,
ಎಲ್ಲಾ ಸುರುವೋದು,
ಮತ್ತ ಹಾಕೋದು.
ಕಿಸೆ ಹಚ್ಚೋ ಕೆಲಸ ಅಲ್ಲೇ ಮುಗೀತು, ಓಡೋ ದಾರದ ಜೋಡಿ.
ನಾ ಬೆನ್ನು ತಿರುವಿದ್ದು ಒಮ್ಮೆ ಮಾತ್ರ,
ಹಾಲು ಉಕ್ಕಿದ ಸಪ್ಪಳಕ್ಕ.

ರಾತ್ರಿ ಇಸ್ತ್ರಿ ಮುಗಿಸಿ, ಮಡಚಿ, ಪಿನ್ನು ಚುಚ್ಚಿ,
ಹತ್ತತ್ತರ ನಾಕು ಗಡ್ಡಿ ಕಟ್ಟಿದೆ.
ಡಬ್ಬಿ ಎತ್ತಿಡೋ ಮುಂದ ಎಣಿಸಿದೆ: ಹತ್ತು.
ಮಶೀನಿನ ಕೆಳಗ ನೋಡಿದೆ. ಆಕಿ ಮುಠ್ಠಿ ಬಿಚ್ಚಿ ನೋಡಿದೆ,
ನಿದ್ದ್ಯಾಗ ಬೆರಳು ಬಿಗಿ ಮಾಡಿದಳು. ಏನೂ ಇಲ್ಲ.
ಆವಾಗ ತಿಳೀತು. ಸೀಳು ಇದ್ದದ್ದು
ಡಬ್ಬಿಗೆ ಒಂದs ಅಲ್ಲ.

ನಲವತ್ತು ಕಿಸೆ. ನಲವತ್ತು ಗಂಟಿ ಮಡಿಕಿ.
ಒಂದು ಗಡ್ಡಿ ಬಿಚ್ಚಾಕ ಕೈ ಹಾಕಿ, ಬಿಟ್ಟೆ.
ಕಲೆ ಅಲ್ಲಲ್ಲ ಅದು.
ಯಾವದೋ ಊರಾಗ, ಸಾಲಿ ಮೊದಲ ದಿನ,
ಅಂಜಿಕೊಂಡು ಕೂತ ಕೂಸು ಒಂದು
ಕೈ ಎಲ್ಲಿ ಇಡಬೇಕು ತಿಳೀದs ಕಿಸೆದಾಗ ಇಟ್ಟರ
ಸಿಗತದ: ಅಕ್ಕಲಕೋಟಿಯಿಂದ ಸೊಲ್ಲಾಪುರ, ಪೂರ್ತಿ ಒಂದು.

ಏಳಕ್ಕ ಹುಡುಗ ಬಂದ, ಎಣಿಸಿದ.
"ಕಲೆ ಇಲ್ಲಲ್ಲ?" ಅಂದ.
ಶಿವಲೀಲಿ ತನ್ನ ಎರಡೂ ಅಂಗೈ ತೋರಿಸಿದಳು.
ಗಂಟು ಸೈಕಲ್ಲು ಏರಿತು. ಬಸ್ಸಿಗೆ ಮಾಡಿದಂಗ
ಗಂಟಿಗೆ ಟಾಟಾ ಮಾಡಿದಳು,
ಅದು ತಿರುವು ದಾಟಿದ ಮ್ಯಾಲೂ.