ಲೊಟ್ಟಿ

ನಮ್ಮ ಮನಿಗೂ ಮಗ್ಗದ ಶೆಡ್ಡಿಗೂ ನಡುವ
ಒಂದಽ ಗ್ವಾಡಿ.
ಹಗಲು ಒಂದು ಪಾಳಿ, ರಾತ್ರಿ ಒಂದು ಪಾಳಿ,
ನಾಲ್ಕು ಮಗ್ಗ ಖಟಾ ಖಟ್, ಖಟಾ ಖಟ್.
ಆ ಕಡೆ ಟವೆಲ್ಲು ಬೀಳತಿದ್ವು,
ಈ ಕಡೆ ಮಾಡದಾಗಿನ ಗಂಗಾಳ ನಡಗತಿದ್ವು.
ಹದಿನಾರು ವರ್ಷ.
ಅರ್ಧ ಕಿವಿ ಮಗ್ಗಕ್ಕ ಕೊಟ್ಟೀನಿ.
ಉಳದದ್ದು ಮಾಲಕರ ಬೈಗುಳಕ್ಕ ಸಾಕಾಗತದ.

ಮಾರ್ಚಿನ ಆ ರವಿವಾರ ಸ್ವಿಚ್ಚು ಬಂದಾತು.
ಸೊಲ್ಲಾಪುರ ಹಿಂಗ ಸುಮ್ಮನ ಕುಂತದ್ದು
ನಾ ನೋಡಿದ್ದಿಲ್ಲ.
ಎಂಟು ತಿಂಗಳ ಮಲಕಪ್ಪ
ಕಣ್ಣು ಬಿಟ್ಟಾಂವ ಒದರಾಕ ಹತ್ತಿದ.
ಹಾಲು ಒಲ್ಲ, ತೊಟ್ಟಿಲ ಒಲ್ಲ.
ಅವ್ವ ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತಗದಳು,
ಸುಗಲಾ ಹೊಟ್ಟಿಗೆ ಅಜವಾನ ಕಟ್ಟಿದಳು.
ಸಂಜಿ ಐದಕ್ಕ
ಊರಿಗೆ ಊರಽ ತಾಟು ಬಡೀತು.
ಚಿಲ್ಕಾ ಕಾಕಾ ಮಾಳಿಗಿ ಮ್ಯಾಲ ಗಂಟಿ,
ಎದುರಿನ ಮೋಮಿನರ ಹುಡುಗ ಡಬ್ಬಿ ಮುಚ್ಚಳ.
ಕೂಸು ನಿದ್ದಿ ಹೋತು,
ಬಾಯಿ ತೆರಕೊಂಡು.

ಎಲ್ಲಾರೂ ನಕ್ಕಿವಿ. ಗೌರಾ ನಗಲಿಲ್ಲ.
ಏಳು ವರ್ಷದಾಕಿ, ಲೆಕ್ಕದಾಗ ಹುಷಾರು.
"ಅಪ್ಪಾ, ಇವಗ ಮಗ್ಗ ಬೇಕು" ಅಂದ್ಲು.

ಮರುದಿನದಿಂದ ಮಗ್ಗ ನಾವಽ ಆದಿವಿ.
ನಾ ಬಾಚಣಿಕಿಲೆ ಮಂಚದ ಕಾಲಿಗೆ,
ಅವ್ವ ಅಡಕತ್ತರಿಲೆ,
ಸುಗಲಾ ರೊಟ್ಟಿ ಬಡಿಯೂ ಕೈ ಚೂರು ಜೋರು ಮಾಡಿ,
ಗೌರಾ ಚಮಚದಿಂದ ತಾಟಿಗೆ.
ಇದ್ದಲಿ ಹಿಡದು ಗ್ವಾಡಿ ಮ್ಯಾಲ ಪಾಳಿ ಬರದಳು:
ಹಗಲು ಆಯಿ, ರಾತ್ರಿ ಅಪ್ಪಾ.
ತಡಾ ಆದ್ರ ಪಗಾರ ಕಟ್.
ಪಗಾರ ಅಂದ್ರ ಹುರದ ಶೇಂಗಾ, ನಾಲ್ಕು.

ನಲವತ್ತೆರಡು ಡಿಗ್ರಿ, ಪತ್ರಾದ ಮನಿ.
ಪೊಲೀಸರ ಗಾಡಿ ಮರಾಠಿಯೊಳಗ ಒದರಕೋತ ಹೋಗತಿತ್ತು
ಮನ್ಯಾಗಿರ್ರಿ ಅಂತ.
ಇದ್ದಿವಿ. ಒಂದು ಖೋಲಿ, ಐದು ಮಂದಿ.
ಮಾಲಕರು ಫೋನ್ ಎತ್ತಲಿಲ್ಲ.
ಜ್ವಾಳದ ಡಬ್ಬಿಯೊಳಗ ಸುಗಲಾನ ಕೈ
ದಿನಕ್ಕೊಂದು ಬಟ್ಟು ಕೆಳಗ ಇಳೀತಿತ್ತು.
ನಾ ನೋಡಿ ನೋಡಲಾರದಂಗ ಇದ್ದೆ.

ಅಂಥಾದರಾಗ ಒಂದು ಮಧ್ಯಾಹ್ನ,
ಕೂಸು ಮಲಗಿತ್ತು, ಎಲ್ಲಾರ ಕೈ ಖಾಲಿ,
ಗೌರಾ ತಾಟಿನ ಮುಂದ ಕುಂತು
"ಇನ್ನೊಂದು ಲೊಟ್ಟಿ" ಅಂದ್ಲು.
"ಏನಂದಿ?"
"ಲೊಟ್ಟಿ."
"ನಿನ್ನ ಹೆಸರೇನು?"
"ಗೌಲಾ."
ಸುಗಲಾನ ಕಡೆ ನೋಡಿದೆ.
"ಮಾತು ಬಂದಾಗಿಂದ ಹಂಗಽ," ಅಂದ್ಲು,
"ನಿಮಗ ಗೊತ್ತಿಲ್ಲೇನು?"

ಅವ್ವಗ ಗೊತ್ತಿತ್ತು. ಸಾಲಿ ಅಕ್ಕೋರಿಗೆ ಗೊತ್ತಿತ್ತು.
ತೆಲುಗಿನ ಚಿಲ್ಕಾ ಕಾಕಾಗ ಸುದ್ದಾ ಗೊತ್ತಿತ್ತು.
ನಾ ಇಷ್ಟು ದಿನ ಅಕಿ ತುಟಿ ಓದಿದ್ದೆ,
ಮಗ್ಗದ ಮಂದಿ ಓದೂಹಂಗ.
ತುಟಿ ಮ್ಯಾಲ ರ, ಲ ಎರಡೂ ಒಂದಽ.
ಗ್ವಾಡಿ ನೋಡಿದೆ. ರಾತ್ರಿ ಅಂತಽ ಬರದಿದ್ಲು,
ರ ದುಂಡಗ, ತಪ್ಪಿಲ್ಲದ.

"ಮೋಟಾರು ಶುರು ಆಗೂಮುಂದ ಹ್ಯಾಂಗ ಅಂತದ?
ರ್‍ರ್‍ರ್ ಅನ್ನು."
"ಲ್ಲ್ಲ್."
ಆ ಮೋಟಾರು ಒಂದಿನಾನೂ ಶುರು ಆಗಲಿಲ್ಲ.
ಖರೇ ಹೇಳಬೇಕಂದ್ರ ನಾ ಬಾಳ ತಿದ್ದಲೂ ಇಲ್ಲ.
ಮರ ಅನ್ನು, ಕುದರಿ ಅನ್ನು, ಸೀರಿ ಅನ್ನು ಅಂತ
ಸಂಜೀತನಾ ಅನಸಕೋತ ಕುಂದರತಿದ್ದೆ.
ಹಸಿವು ಅಷ್ಟೊತ್ತು ದೂರ ಇರತಿತ್ತು.

ಜೂನಿನಾಗ ಮಾಲಕರು ಫೋನ್ ಮಾಡಿದರು.
ಮೊದಲನೇ ಖಟಾ ಖಟ್ಟಿಗೆ ಮಲಕಪ್ಪ ಮಲಗಿದ,
ನಮ್ಮ ಕಡೆ ತಿರುಗಿ ಸುದ್ದಾ ನೋಡಲಿಲ್ಲ.
ಪಾಳಿ ಇನ್ನೂ ಗ್ವಾಡಿ ಮ್ಯಾಲ ಅದ,
ಸುಣ್ಣಕ್ಕ ರೊಕ್ಕ ಇಲ್ಲ.

ಇವತ್ತ ಅಕಿ ಬುತ್ತಿ ತಂದು
ಶೆಡ್ಡಿನ ಬಾಗಲದಾಗ ನಿಂತಾಳ.
ಏನೋ ಅಂತಾಳ, ಗಂಟು ಎತ್ತಿ ತೋರಿಸಿ, ನಕ್ಕೋತ.
ರೊಟ್ಟಿನೋ, ಲೊಟ್ಟಿನೋ.
ಒಂದು ಮಗ್ಗ ಬಂದ್ ಮಾಡಿದೆ.
ಮೂರು ನಡದಾವ.