ಅರ್ಧ ಇಂಚು

ನಂಜುಮಳಿಗೆ ಸರ್ಕಲ್ಲಿನ ಹತ್ತಿರ, ಬ್ಯಾಟರಿ ಅಂಗಡಿಯ ಮೇಲೆ,
ಭಾನುವಾರ ಸಂಜೆ ಐದೂವರೆಗೆ ಜೋಡಿ ಕುಣಿತದ ಕ್ಲಾಸು.
ಮೊದಲ ದಿನ ಐರಿನ್ ಮೇಡಂ ಹಾಡು ಹಾಕಲೇ ಇಲ್ಲ.
ಸುಮ್ಮನೆ ನಿಲ್ಲಿ, ಅಂದರು,
ನಿಮ್ಮ ಭಾರ ಎಲ್ಲಿದೆ ಹೇಳಿ.

ಇಪ್ಪತ್ತೆರಡು ವರ್ಷದಿಂದ
ಅಗ್ರಹಾರದ ಅರ್ಧ ಹೆಂಗಸರ ಮೈ ನನ್ನ ಪುಸ್ತಕದಲ್ಲಿದೆ.
ಯಾರ ತೋಳು ಈ ಬೇಸಿಗೆಗೆ ದಪ್ಪವಾಯಿತು,
ಯಾರು ಉಸಿರು ಬಿಗಿಹಿಡಿದು ಸೊಂಟದಳತೆ ಕೊಟ್ಟರು,
ಎಲ್ಲ ಗೊತ್ತು.
ನನ್ನ ಭಾರ?
ಕೆಳಗೆ ನೋಡಿದೆ. ಎರಡು ಪಾದ ಇದ್ದವು,
ಯಾರೋ ಬಿಟ್ಟುಹೋದ ಹಾಗೆ.

ಜೊತೆಗೆ ಸಿಕ್ಕವರು ಜವರಾಜು, ಸಿಟಿ ಬಸ್ಸಿನ ಕಂಡಕ್ಟರು,
ಕಂಬಿ ಹಿಡಿಯದೆ ಹದಿನೆಂಟು ವರ್ಷ ನಿಂತ ಮನುಷ್ಯ.
ಡ್ರೈವರು ಬ್ರೇಕ್ ಒತ್ತೋ ಮುಂಚೆ
ಅಂಗಾಲಿಗೆ ಸುದ್ದಿ ಬರುತ್ತೆ ಕಣ್ರೀ,
ಮಂಡಿ ಸಡಿಲ ಬಿಡಿ, ಚಿಲ್ಲರೆ ಎಣಿಸೋ ಥರ ನಿಂತ್ಕೊಳಿ.

ಮಂಡಿ ಬಿಟ್ಟೆ, ಹೆಗಲು ಬಿಗಿಯಿತು.
ಹೆಗಲು ಇಳಿಸಿದೆ, ಹಲ್ಲು ಕಚ್ಚಿಕೊಂಡಿತು.
ಸುಕ್ಕು ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತದಲ್ಲ.
ಅವರು ಹೆಜ್ಜೆ ಎತ್ತುವ ಮೊದಲೇ ನಾನು ಹೊರಟಾಗಿರುತ್ತಿತ್ತು,
ಹಬ್ಬದ ಹಿಂದಿನ ರಾತ್ರಿ ಹೊಲಿದು ಹೊಲಿದು
ಕಾಯುವುದೇ ಮರೆತ ಮೈ.
ಮೂರು ವಾರ ಅವರ ಕಾಲು ತುಳಿದೆ.
ಟಿಕೆಟ್ ಇಲ್ಲದೆ ತುಳೀತಿದ್ದೀರ, ಅಂದರು.

ನಾಲ್ಕನೆಯ ವಾರ ಅಂಗೈಗೆ ಅಂಗೈ ಇಡಿಸಿ, ಕಣ್ಣು ಮುಚ್ಚಿಸಿ,
ಒತ್ತಬೇಡಿ, ಬಿಡಲೂಬೇಡಿ, ಅಂದರು ಮೇಡಂ.
ಅರೆ, ಇದು ದಾರದ ಬಿಗಿ!
ತಿರುಪು ಜಾಸ್ತಿಯಾದರೆ ಬಟ್ಟೆ ನಿರಿಗೆ ಹಿಡಿಯುತ್ತದೆ,
ಕಮ್ಮಿಯಾದರೆ ಅಡಿಯಲ್ಲಿ ದಾರದ ಗೂಡು.
ಬೆರಳಿಗೆ ಗೊತ್ತಿದ್ದದ್ದು
ಮೊಣಕೈ ದಾಟಿ, ಬೆನ್ನಿಳಿದು,
ಹಿಮ್ಮಡಿಗೆ ಮುಟ್ಟಲು ಒಂದು ಹಾಡಿನಷ್ಟು ಹೊತ್ತು ಬೇಕಾಯಿತು.
ಅವರ ಎದೆ ಬಲಕ್ಕೆ ಹೋಗುವುದನ್ನು ಯೋಚಿಸಿತು.
ಹೋದೆ.
ಕೊಂಚ ತಡವಾಗಿ, ಕೇಳಿಸಿಕೊಂಡು.

ಆಮೇಲೆ ಮೇಡಂ ಬೆನ್ನ ಹಿಂದೆ ಬಂದು
ಎಡಭುಜದ ಮೇಲೆ ಎರಡು ಬೆರಳಿಟ್ಟರು:
ಇದು ತಗ್ಗಿದೆ, ಗೊತ್ತಾ?
ಗೊತ್ತಿರಲಿಲ್ಲ.
ನನ್ನ ರವಿಕೆ ಯಾವತ್ತೂ ಎಡಕ್ಕೆ ಜಾರುತ್ತಿತ್ತು,
ಬಟ್ಟೆಯನ್ನೇ ಬೈಯುತ್ತಿದ್ದೆ.

ತನ್ನ ಭುಜ ತಾನೇ ಅಳೆಯಲು ಯಾವ ದರ್ಜಿಗೂ ಆಗದು.
ರಾತ್ರಿ ಅಂಗಡಿ ಬಾಗಿಲು ಅರ್ಧ ಎಳೆದು,
ಗೋಡೆಗೆ ಬೆನ್ನು ಕೊಟ್ಟು, ಉಸಿರು ಬಿಟ್ಟು,
ಸೀಮೆಸುಣ್ಣದಿಂದ ಅತ್ತೊಂದು ಇತ್ತೊಂದು ಗೆರೆ ಎಳೆದೆ.
ತಿರುಗಿ ನೋಡಿದರೆ, ಅರ್ಧ ಇಂಚು.
ಹಸಿರು ಬಟ್ಟೆ ತೆಗೆದು
ಆ ಅರ್ಧ ಇಂಚು ಬಿಟ್ಟೇ ಕತ್ತರಿಸಿದೆ.

ಬೆಳಿಗ್ಗೆ ಕುಪ್ಪಸ ಕೊಡಲು ಬಂದ ದೇವೀರಮ್ಮ
ಗೋಡೆ ನೋಡಿ ಕೇಳಿದರು:
ಮಕ್ಕಳು ಎಷ್ಟುದ್ದ ಬೆಳೆದ್ರು ಅಂತ ಗುರುತಾ?
ಹ್ಞೂಂ, ಅಂದೆ.