ಒಂದು ಸಿಗಡಿಯಷ್ಟು

ಎರಡು ಸಿಲಿಂಡರು, ಎರಡು ಕಾರ್ಬುರೇಟರು,
ಎರಡು ಸೈಲೆನ್ಸರು;
ನನಗೆ ಕೇಳುವುದು ಬಲದ್ದು ಮಾತ್ರ.
ಎಡಗಿವಿಯನ್ನು ದುರ್ಗಿಗುಡಿಯ ಪ್ರೆಸ್ಸಿನ ಟ್ರೆಡಲ್ ಮಿಷನ್ನಿಗೆ
ಇಪ್ಪತ್ತಾರು ವರ್ಷ ಬಾಡಿಗೆಗೆ ಕೊಟ್ಟಿದ್ದೆ,
ವಾಪಸ್ಸು ಬರಲಿಲ್ಲ.

ಭಾನುವಾರ. ಹೊಸಮನೆ ಬಡಾವಣೆ, ಮೂರನೇ ತಿರುವು.
ಅಂಗಳಕ್ಕೆ ಗೋಣಿಚೀಲ ಹಾಸಿ
ಎಂಬತ್ತಾರನೇ ಇಸವಿಯ ರಾಜದೂತನ್ನು ನಿಲ್ಲಿಸಿದ್ದೇನೆ.
ಖಾಯಿಲೆ ಇಷ್ಟೇ: ಆಕ್ಸಿಲರೇಟರ್ ತಿರುಚಿದರೆ
ಒಂದು ಎದ್ದು ಕೂರುತ್ತದೆ,
ಇನ್ನೊಂದು ಹೊದಿಕೆ ಎಳೆದುಕೊಳ್ಳುತ್ತದೆ.
ಮೊನ್ನೆ ಮಂಡಗದ್ದೆ ದಾಟಿದ ಏರಿನಲ್ಲಿ
ಲಾರಿಯವನ ಎದುರಿಗೇ ಕೆಮ್ಮಿ ಮಾನ ಕಳೆಯಿತು.
ಆಟೋ ಕಾಂಪ್ಲೆಕ್ಸಿನ ಅಲ್ತಾಫ ನಕ್ಕ:
‘ಇದಕ್ಕೆ ಎರಡು ಕಿವಿ ಬೇಕು ಸಾರ್,
ಇಲ್ಲಾಂದ್ರೆ ಗುಜರಿ.’

ಜಲಜಾ ಆಸ್ಪತ್ರೆ ಡ್ಯೂಟಿಗೆ ಹೋಗಿದ್ದಾಳೆ.
ಮನೆಯಲ್ಲಿ ಉಳಿದದ್ದು ಅವಳಮ್ಮ ಹುಚ್ಚಮ್ಮ,
ಪೊರೆ ತೆಗೆಸಿದ ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟು.
ಮಗಳ ಎರಡೆಳೆ ಸರ ಈ ಗಾಡಿಯ ಹೊಟ್ಟೆಗೆ ಹೋಯಿತೆಂದು
ಹನ್ನೊಂದು ವರ್ಷದಿಂದ
ಗೋಡೆಯನ್ನು ಮುಂದಿಟ್ಟುಕೊಂಡೇ ನನ್ನೊಡನೆ ಮಾತು:
‘ಗೋಡೇ, ಅನ್ನ ಆರ್ತಿದೆ.’
‘ಗೋಡೇ, ಗ್ಯಾಸಿನವನು ಬಂದಿದ್ದ.’

ಎಂಜಿನ್ ಓಡಿಸಿ, ಬಲಗಿವಿ ಬಾಗಿಸಿ,
ಐಡಲ್ ಸ್ಕ್ರೂ ಹುಡುಕುತ್ತಿದ್ದೆ.
‘ಗೋಡೇ,’ ಎಂದಳು ಕಟ್ಟೆಯಿಂದ,
‘ಎಡಗಡೇದು ಸುಳ್ಳು ಹೇಳ್ತಿದೆ.’

‘ಹೇಗೆ ಗೊತ್ತು?’
‘ನಲವತ್ತು ವರ್ಷ ಒಣಮೀನು ತೂಗಿದವಳು ನಾನು.
ತಕ್ಕಡಿ ಬಾಗಿದ್ದು ತಿಳಿಯೋಕೆ ಕಣ್ಣು ಯಾಕೆ?’

ಎಂಜಿನ್ ಆರಿಸಿದೆ. ಏರ್ ಫಿಲ್ಟರಿನ ರಬ್ಬರು ಕಳಚಿದೆ.
ಕಾರ್ಬುರೇಟರುಗಳು ಗೂಡಿನ ಮರಿಗಳ ಹಾಗೆ
ಬಾಯಿ ತೆರೆದು ಕೂತವು.
ಅವಳ ಎರಡೂ ತೋರುಬೆರಳು ಹಿಡಿದು
ಒಂದೊಂದು ಬಾಯಿಗೆ ಒಂದೊಂದು ಇಟ್ಟೆ.
ಅತ್ತೆಯ ಕೈ ಮುಟ್ಟಿದ್ದು ಇದೇ ಮೊದಲು;
ಉಪ್ಪು ಕುಡಿದೂ ಕುಡಿದೂ ಚಕ್ಕೆಯಾದ ಬೆರಳು.
ಒಳಗೆ ಸ್ಲೈಡಿನ ಅಂಚು ತಣ್ಣಗೆ ತಾಗಿರಬೇಕು,
‘ಮೀನಿನ ವಸಡು’ ಎಂದಳು.

ಕೂದಲೆಳೆಯಷ್ಟು ತಿರುಚಿದೆ.
‘ಬಲ ಎದ್ದಿತು.’
ಇನ್ನೊಂದೆಳೆ.
‘ಈಗ ಎಡ. ಸೋಮಾರಿ.’
ಎಡಗೇಬಲ್ಲಿನ ನಟ್ಟು ಸಡಿಲಿಸಿ
ಅಡ್ಜಸ್ಟರ್ ಅರ್ಧ ಸುತ್ತು ಹೊರಕ್ಕೆ.
‘ಊಹೂಂ.’
ಕಾಲು ಸುತ್ತು.
‘ಊಹೂಂ.’
ಎದುರುಮನೆಯ ಬೆಕ್ಕು, ಅವಳ ಹಳೆಯ ಗಿರಾಕಿ,
ಬೆರಳು ಮೂಸಲು ಬಂದು
ಪೆಟ್ರೋಲಿಗೆ ಮುಖ ಸಿಂಡರಿಸಿ ಹೋಯಿತು.

‘ನಿಮಗೆ ಒಂದು ಕಣ್ಣು, ನನಗೆ ಒಂದು ಕಿವಿ,
ಇಬ್ಬರೂ ಒಂದೇ ಸಿಲಿಂಡರಿನಲ್ಲಿ ಓಡ್ತಿದ್ದೀವಿ’ ಎಂದೆ.
ನಗಲಿಲ್ಲ.
‘ಮಾತು ಸಾಕು, ತಿರುಚು.’
ಗೋಡೆ ಎನ್ನಲಿಲ್ಲ, ಗಮನಿಸಿದೆ.
ಅರೆಕಾಲು ಸುತ್ತು.

‘ನಿಲ್ಸು. ಎರಡೂ ಒಟ್ಟಿಗೆ ಎದ್ದವು.’

ಲಾಕ್ ನಟ್ಟು ಬಿಗಿದು, ರಬ್ಬರು ಸಿಕ್ಕಿಸಿ, ಕಿಕ್ಕರ್ ಒದ್ದೆ.
ನೀಲಿ ಹೊಗೆ ಪಕ್ಕದವರ ಬೆಡ್‌ಶೀಟಿನತ್ತ ಹೊರಟಿತು
(ಸಂಜೆ ಜಗಳ ಇದೆ).
ಸೈಲೆನ್ಸರುಗಳ ಹಿಂದೆ ಪೊರಕೆಕಡ್ಡಿ ನೆಟ್ಟು ಕಟ್ಟಿದ್ದ
ಅವಳ ಹಳೇ ಸೀರೆಯಂಚಿನ ಎರಡು ಚೂರು
ಸರದಿಯ ಮೇಲೆ, ಒಂದೇ ಎತ್ತರಕ್ಕೆ
ಪಟ ಪಟ ಹಾರಿದವು.

‘ಸರಿಸಮ ಆಯ್ತು’ ಎಂದೆ.

‘ಸರಿಸಮ ಯಾರಿಗೆ ಬೇಕು?
ಸರಿಸಮ ತೂಗೋನು ಜಿಪುಣ.
ಒಂದು ಸಿಗಡಿಯಷ್ಟು ಆ ಕಡೆ ಬಾಗ್ಬೇಕು,
ಗಿರಾಕಿ ಮುಖ ನೋಡಿ.’

ಇಲ್ಲಿ ಗಿರಾಕಿ ಯಾರು? ಕೇಳಲಿಲ್ಲ.
ಸ್ಕ್ರೂಡ್ರೈವರನ್ನು ಎಡದ ಸ್ಕ್ರೂವಿನ ಮೇಲಿಟ್ಟು
ತಿರುಗಿಸಿದ ಹಾಗೆ ಮಾಡಿದೆ, ಅಷ್ಟೇ.

‘ಹಾಂ, ಈಗ’ ಎಂದಳು,
ಹಸಿರು ಬಟ್ಟೆಯ ಕೆಳಗೆ ಕೆನ್ನೆ ಸ್ವಲ್ಪ ಸಡಿಲಾಗಿ.

ಅವಳಿಗೆ ಗೊತ್ತಾಯಿತೋ,
ಅಥವಾ ಸ್ಕ್ರೂ ನಿಜಕ್ಕೂ ತಿರುಗಿತ್ತೋ.
ಎಡದ್ದು ನನಗೆ ಕೇಳುವುದಿಲ್ಲವಲ್ಲ.